ರಿಗ್ಸ್‌ಬಿಯ ದಪ್ಪ ದನಿ

ನಮ್ಮ ರೇಡಿಯೊ ಕೇಂದ್ರದ ಯಜಮಾನ ಹಾಯ್ಟ್ ಮಾಬ್ರಿಗೆ ಒಂದು ನೇಮವಿತ್ತು. ನಮ್ಮ ಹಳ್ಳಿಗಾಡಿನ ಕಂಟ್ರಿ ಹಾಡುಗಳನ್ನು ಹಾಕುವಾಗ ಒಬ್ಬ ಹೆಂಗಸು ಹಾಡಿದ ಮೇಲೆ ಗಂಡಸೊಬ್ಬ ಹಾಡಲೇಬೇಕು. ಸಾಲಾಗಿ ಇಬ್ಬರು ಹೆಂಗಸರು ಹಾಡಿದರೆ ಕೆಂಟಕಿಯ ಬೆಟ್ಟಗಳೇ ಉರುಳಿಬೀಳುತ್ತವೆ ಎಂಬಂತೆ ಆಡುತ್ತಿದ್ದ.

"ಹೆಂಗಸ್ರಿಗೆ ಹೆಂಗಸ್ರ ದನಿ ಸೇರಲ್ಲ, ಇಮೋಜೀನ್," ಎಂದು ನನಗೇ ಹೇಳುತ್ತಿದ್ದ. ಹದಿನೆಂಟು ವರ್ಷದಿಂದ ಇಲ್ಲಿ ಫೋನ್ ಎತ್ತುತ್ತಿರುವವಳು ನಾನು. ಅಂಥ ದೂರು ಒಂದೂ ಬಂದಿಲ್ಲ. ನಾನೂ ಹೆಂಗಸೇ ಎನ್ನುವುದು ಆ ಪುಣ್ಯಾತ್ಮನಿಗೆ ಹೊಳೆದಿರಲೂ ಇಲ್ಲ.

ಅರವತ್ತೊಂಬತ್ತರ ಮಾರ್ಚಿನಲ್ಲಿ ಅಂಚೆಯಲ್ಲಿ ಒಂದು ಚಿಕ್ಕ ರೆಕಾರ್ಡ್ ಬಂತು. ಮೇಲೆ 'ಡಿ. ರಿಗ್ಸ್‌ಬಿ' ಎಂದಷ್ಟೇ ಇತ್ತು. ಪಾದ್ರಿಯ ಪ್ರವಚನದ ರೆಕಾರ್ಡ್ ಮುಗಿದ ಯಂತ್ರಕ್ಕೇ ಹಾಯ್ಟ್ ಅದನ್ನು ಹಾಕಿದ. ಪ್ರವಚನದ ದೊಡ್ಡ ರೆಕಾರ್ಡ್ ನಿಧಾನ ತಿರುಗಬೇಕು, ಚಿಕ್ಕದು ಬೇಗ. ವೇಗ ಬದಲಿಸಲು ಮರೆತ. ದಪ್ಪ ದನಿಯೊಂದು ಎಳೆದೆಳೆದು ಹಾಡಿತು: ಐದು ಹೆತ್ತುಕೊಟ್ಟೆ, ಇನ್ನು ನಿನ್ನ ಅಂಗಿ ನೀನೇ ಇಸ್ತ್ರಿ ಮಾಡಿಕೊ.

"ಐದು ಹೆತ್ತೆ ಅಂತಾನಲ್ಲೋ!" ಎಂದೆ.

"ಹೆಂಡ್ತಿ ಪರವಾಗಿ ಹಾಡ್ತಾನೆ ಕಣೇ. ಪಾಪ, ಅವಳು ಸತ್ತುಹೋಗಿರ್ಬೇಕು. ಆಹಾ, ಏನು ಗಂಡುದನಿ!" ಹಾಯ್ಟ್ ಕಣ್ಣೊರೆಸಿಕೊಂಡ.

ಕುಡಿದು ಹಾಡಿದ್ದಾನೆ ಎಂದುಕೊಂಡೆ ನಾನು. ಅಂದಿನಿಂದ ದಿನಕ್ಕೆ ಆರು ಸಲ ಅದೇ ಯಂತ್ರ, ಅದೇ ವೇಗ. ಹೆಂಗಸಿನ ಹಾಡೊಂದು ಮುಗಿದ ಕೂಡಲೇ ರಿಗ್ಸ್‌ಬಿ.

ವಾರವಿಡೀ ಹಾಕಿದ ಹಾಡುಗಳ ಪಟ್ಟಿಯನ್ನು ಸೋಮವಾರ ಮಧ್ಯಾಹ್ನ ಫೋನಿನಲ್ಲಿ ನ್ಯಾಶ್ವಿಲ್‌ನ ಸಂಗೀತ ಪತ್ರಿಕೆಗೆ ಓದಿಹೇಳುವುದು ನನ್ನ ಕೆಲಸ. ಎಲ್ಲ ಕೇಂದ್ರಗಳ ಪಟ್ಟಿ ಕೂಡಿಸಿ, ಅತಿ ಹೆಚ್ಚು ಸಲ ಹಾಕಿದ ನಲವತ್ತು ಹಾಡುಗಳನ್ನು ಅವರು ಸಾಲಾಗಿ ಪತ್ರಿಕೆಯಲ್ಲಿ ಹಾಕುತ್ತಾರೆ. ರಿಗ್ಸ್‌ಬಿ ಶುರುವಾಗಿ ವಾರವಾದ ಸೋಮವಾರ ಇನ್ನೇನು ಫೋನ್ ಎತ್ತಬೇಕು, ಸೇಬಿನ ಹೂರಣದ ಕರಿದ ಕಡುಬಿನ ಬುಟ್ಟಿ ಹಿಡಿದು ಒಬ್ಬಳು ಬಂದಳು.

"ನಾನು ಡೆಲ್ಫಾ ರಿಗ್ಸ್‌ಬಿ, ಅಕ್ಕ. ಪತ್ರಿಕೆ ಪಟ್ಟೀಲಿ ನನ್ನ ಹಾಡು ನಲವತ್ತೊಂದರಲ್ಲಿ ನಿಂತಿದೆಯಂತೆ. ಈ ವಾರ ನಲವತ್ತರೊಳಗೆ ಬರ್ದಿದ್ರೆ ರೆಕಾರ್ಡ್ ಕಂಪನಿಯೋರು ಕೈಬಿಡ್ತಾರಂತೆ. ವಾಪಸ್ ಅಂಗಿ ಕಾರ್ಖಾನೆಗೇ. ಮೂವತ್ತು ಕೇಂದ್ರ ಸುತ್ತಿದೀನಿ. ಹತ್ತು ಕಡೆ ಹಾಕಿದ್ರು. ಮಿಕ್ಕೋರು 'ನಮ್ಮಲ್ಲಿ ಆಗ್ಲೇ ಒಬ್ಳಿದಾಳೆ' ಅಂತ ಕಡುಬು ತಿಂದು ಕಳ್ಸಿದ್ರು. ಕಾರಲ್ಲಿ ರೇಡಿಯೊ ಇಲ್ಲ, ನನ್ನ ಹಾಡು ಇನ್ನೂ ನಾನೇ ಕೇಳಿಲ್ಲ."

ಅಷ್ಟರಲ್ಲಿ ಗೋಡೆಯ ಸ್ಪೀಕರಿನಲ್ಲಿ ಅವಳ ಹಾಡೇ ಬಂತು, ಗೂಳಿ ನಿದ್ದೆಯಲ್ಲಿ ನರಳಿದಂತೆ.

"ಯಾರಕ್ಕಾ ಆ ದರಿದ್ರದೋನು, ನನ್ನ ಹಾಡು ಹಾಡ್ತಿರೋನು?"

"ನೀನೇ ಕಣೇ," ಎಂದೆ. ನಿಧಾನ ತಿರುಗಿದ ರೆಕಾರ್ಡೇ ಅವಳ ದನಿಯನ್ನು ಗಂಡುದನಿ ಮಾಡಿತ್ತೆಂದು ನನಗೂ ಆಗಲೇ ಹೊಳೆದದ್ದು. ನಾಚಿಕೆಯಿಂದ ಸತ್ತೇಹೋದೆ.

ಡೆಲ್ಫಾ ಸ್ಟುಡಿಯೊದ ಬಾಗಿಲಿಗೆ ನುಗ್ಗಿದವಳು ಗಕ್ಕನೆ ನಿಂತು ಗಡಿಯಾರ ನೋಡಿದಳು. "ಮೊದ್ಲು ನೀನು ನ್ಯಾಶ್ವಿಲ್‌ಗೆ ಫೋನ್ ಮಾಡಕ್ಕ."

ಭಲೇ ಜಾಣೆ! ಹೆಂಗಸೆಂದು ಮೊದಲೇ ಗೊತ್ತಾಗಿದ್ದರೆ ಹಾಯ್ಟ್ ಅವಳನ್ನು ಪಟ್ಟಿಯಿಂದಲೇ ಹೊಡೆದುಹಾಕುತ್ತಿದ್ದ. ಪಟ್ಟಿ ಓದಿದೆ. ರಿಗ್ಸ್‌ಬಿ ದಿನಕ್ಕೆ ಆರು ಸಲ ಎಂದೆ, ಅದೇನು ಸುಳ್ಳಲ್ಲವಲ್ಲ. ಫೋನ್ ಇಟ್ಟದ್ದೇ ತಡ, ಇಬ್ಬರೂ ಒಳಗೆ ಹೋದೆವು. ಡೆಲ್ಫಾ ವೇಗದ ಗುಂಡಿ ತಿರುಗಿಸಿ, ಮುಳ್ಳನ್ನು ಹಾಡಿನ ಮೊದಲಿಗೆ ಇಟ್ಟಳು. ಅವಳ ನಿಜವಾದ ದನಿ ಗಣಗಣ ಎಂದಿತು.

"ಅಯ್ಯೋ ದೇವರೇ, ಹೆಂಗಸು! ಈಗಷ್ಟೇ ಇನ್ನೊಬ್ಳು ಹಾಡಿದಾಳೆ!" ಹಾಯ್ಟ್‌ನ ಕೈ ಯಂತ್ರದತ್ತ ಹೋಯಿತು. ಆ ಕೈಗೆ ಫಟಾರನೆ ಒಂದು ಕೊಟ್ಟೆ. ಹದಿನೆಂಟು ವರ್ಷದ ಸಿಟ್ಟು ಅದು.

"ಮುಟ್ಟಿದ್ರೆ ಬೆರಳು ಮುರೀತೀನಿ. ವಾರದಿಂದ ಸಾಲಾಗಿ ಇಬ್ಬರು ಹೆಂಗಸ್ರನ್ನೇ ಹಾಕಿದೀಯ. ಏನು ಮುಳುಗಿಹೋಯ್ತು?"

ಡೆಲ್ಫಾ ನೆಲದ ಮೇಲೆ ಕೂತು ತನ್ನ ಹಾಡನ್ನು ಪೂರ್ತಿ ಕೇಳಿದಳು. ಅಳುತ್ತಿದ್ದಳು. ನನಗೂ ಅಳು ತಡೆಯಲಾಗಲಿಲ್ಲ.

ಹಾಡು ಮುಗಿಯಿತು, ಫೋನ್ ಹೊಡೆದುಕೊಂಡಿತು. "ನೋಡು, ದೂರು ಶುರುವಾಯ್ತು!" ಎಂದು ಹಾಯ್ಟ್ ತಾನೇ ಎತ್ತಿದ. ಆ ಕಡೆ ಅವನ ತಾಯಿ.

"ಹ್ಞೂಂನಮ್ಮ... ಇಲ್ಲಮ್ಮ, ಆ ಗಂಡಸು ಇನ್ಮೇಲೆ ಹಾಡಲ್ಲ... ಹೌದಮ್ಮ, ಇವಳು ಹೆಂಗಸೇ... ಮತ್ತೆ ಹಾಕ್ಬೇಕಾ? ಈಗ್ಲೇನಾ?... ಆಯ್ತಮ್ಮ."

ನಮ್ಮ ಮುಖ ನೋಡದೆ, ಮುಳ್ಳೆತ್ತಿ ಮೊದಲಿಗೆ ಇಟ್ಟ.

ಗುರುವಾರ ಪತ್ರಿಕೆ ಬಂತು. ಮೂವತ್ತೆಂಟರಲ್ಲಿ ಡೆಲ್ಫಾ ರಿಗ್ಸ್‌ಬಿ! ನಾನು ಕುರ್ಚಿ ಬಿಟ್ಟು ಕುಣಿದೆ. ಹಾಯ್ಟ್ ಆ ಪುಟವನ್ನು ಕತ್ತರಿಸಿ ಗೋಡೆಗೆ ಅಂಟಿಸಿ, ದೂರ ನಿಂತು ನೋಡಿ, ಗತ್ತಿನಿಂದ ಹೇಳಿದ:

"ಆ ದನೀನ ಮೊದ್ಲು ಗುರ್ತಿಸಿದೋನು ನಾನೇ ಕಣೇ, ಇಮೋಜೀನ್."