ಗಂಡಸರ ಸರದಿ

“ಹೊಸ ಮುಖ್ಯಸ್ಥ ಆಪೊ ಅಂತ ಆಯ್ತು, ಹಿಲ್ಕ. ನಿಂಗೂ ಖುಷಿನೇ ಅಲ್ವಾ, ನೀನೇ ಕೆಲಸ ಕಲಿಸಿದ ಹುಡುಗ,” ಎಂದ ತೌನೊ. ಸೌನಾದ ಹಬೆಕೋಣೆಯಲ್ಲಿ ಮೊದಲ ಸುತ್ತು ಮುಗಿಸಿ, ಸೊಂಟಕ್ಕೆ ಟವೆಲು ಸುತ್ತಿಕೊಂಡು, ಕೆಂಪಗೆ ಬೆಂದ ಮೈಯಿಂದ ಹಬೆ ಬಿಡುತ್ತ ಜಗಲಿಯಲ್ಲಿ ನಿಂತು ಬಿಯರ್ ಡಬ್ಬಿ ತೆರೆಯುತ್ತಿದ್ದ.

ಹಿಲ್ಕ ಮೀನುಸಾರಿನ ಬಟ್ಟಲನ್ನು ಕೆಳಗಿಟ್ಟಳು. ಸಾಮಿಲ್ಲಿನಲ್ಲಿ ಹಲಗೆ ಒಣಗಿಸುವ ವಿಭಾಗದಲ್ಲಿ ಅವಳದು ಹತ್ತೊಂಬತ್ತು ವರ್ಷದ ಕೆಲಸ. ಹಳೆಯ ಮುಖ್ಯಸ್ಥ ನಿವೃತ್ತನಾದ ಮೇಲೆ ಎಂಟು ತಿಂಗಳಿಂದ ವಿಭಾಗವನ್ನು ನಡೆಸುತ್ತಿದ್ದವಳೂ ಅವಳೇ. ಆ ಹುದ್ದೆ ಯಾರಿಗೆಂದು ನಿರ್ಧರಿಸಲೆಂದೇ ಮ್ಯಾನೇಜರ್ ತೌನೊ ಇವತ್ತು ಎಲ್ಲರನ್ನೂ ಸರೋವರದ ದಂಡೆಯ ಕಂಪನಿ ಮನೆಗೆ ಕರೆದಿದ್ದ. ಸಭೆಯಲ್ಲಿ ಅವಳು ಮುಕ್ಕಾಲು ಗಂಟೆ ಮಾತಾಡಿದ್ದಳು. ಆರು ಜನ ಗಂಡಸರೂ ತಲೆದೂಗಿದ್ದರು. “ಸೌನಾ ಮುಗಿಸ್ಕೊಂಡು ನೋಡೋಣ” ಎಂದು ತೌನೊ ಎದ್ದಿದ್ದ. ವಾಡಿಕೆಯಂತೆ ಹೆಂಗಸರ ಸರದಿ ಮೊದಲು. ಹೆಂಗಸರೆಂದರೆ ಇವಳೊಬ್ಬಳೇ. ಖಾಲಿ ಬೆಂಚುಗಳ ನಡುವೆ ಇಪ್ಪತ್ತು ನಿಮಿಷ ಬೆತ್ತಲೆ ಕೂತು, ಕಾದ ಕಲ್ಲಿಗೆ ನೀರು ಸುರಿದು, ಯಾರೊಂದಿಗೂ ಏನನ್ನೂ ತೀರ್ಮಾನಿಸದೆ ಎದ್ದು ಬಂದಿದ್ದಳು.

“ಯಾವಾಗ ತೀರ್ಮಾನ ಮಾಡಿದ್ರಿ?”

“ತೀರ್ಮಾನ ಅಂತೇನಿಲ್ಲಮ್ಮ. ಹಾಗೇ ಒಳಗೆ ಮಾತಿನ ಮಧ್ಯೆ ಬಂತು.”

“ನಾನಿಲ್ದಾಗ್ಲೇ ಬರ್ಬೇಕಿತ್ತಾ?”

“ಶುರುವಾಯ್ತಪ್ಪ ಇವಳ ಸ್ತ್ರೀವಾದ!” ತೌನೊ ನಕ್ಕ. “ಯುರೋಪಲ್ಲೇ ಮೊದಲು ಹೆಂಗಸರಿಗೆ ವೋಟು ಕೊಟ್ಟಿದ್ದು ನಮ್ಮ ಫಿನ್‌ಲ್ಯಾಂಡು. ಪ್ರಧಾನಿ ಆದ್ರಿ, ರಾಷ್ಟ್ರಾಧ್ಯಕ್ಷೆ ಆದ್ರಿ. ಇನ್ನೂ ಏನ್ ಬೇಕು ನಿಮಗೆ? ಅದೆಲ್ಲ ಈಗ ಬೇರೆ ದೇಶದೋರಿಗೆ ಬೇಕು.”

“ನಂಗೆ ದೇಶ ಬೇಡ. ಒಣಗಿಸೋ ವಿಭಾಗ ಸಾಕು.”

“ಇನ್ನೊಂದು ಸುತ್ತಿದೆ, ಮುಗಿಸ್ಕೊಂಡು ಬಂದು ಮಾತಾಡೋಣ” ಎಂದು ಅವನು ಒಳಗೆ ಹೋದ.

ಅವಳ ಮೈ ಉರಿದುಹೋಯಿತು. ಇಷ್ಟು ವರ್ಷ ಇವರ ಸುತ್ತು ಮುಗಿಯುವುದನ್ನೇ ಕಾಯುತ್ತ ಸಾರು ಬಿಸಿ ಮಾಡಿದ್ದು ನೆನಪಾಗಿ ತನ್ನ ಮೇಲೇ ಸಿಟ್ಟು ಬಂತು. ಉಣ್ಣೆಯ ಸ್ವೆಟರು, ಪ್ಯಾಂಟು, ಬೂಟಿನ ಸಮೇತ ಹೋಗಿ ಸೌನಾದ ಬಾಗಿಲು ತೆಗೆದಳು. ಆರು ಜನರ ಕೈಗಳು ಟವೆಲಿಗಾಗಿ ತಡಕಾಡಿದವು. ಅವಳು ಮೇಲಿನ ಬೆಂಚು ಹತ್ತಿ ಕೂತಳು.

“ಹೇಳಿ. ಮಾತು ಎಲ್ಲಿಗೆ ಬಂದಿತ್ತು?”

ತೌನೊ ಸೌಟಿನಲ್ಲಿ ನೀರು ತುಂಬಿ ಕಲ್ಲಿನ ಮೇಲೆ ಎರಚಿದ. ಮತ್ತೆ ಎರಚಿದ. ಹಬೆಗೆ ಕಿವಿ ಸುಟ್ಟಂತಾಯಿತು, ಸ್ವೆಟರಿನೊಳಗೆ ಬೆವರು ಧಾರಾಕಾರ ಇಳಿಯಿತು. ಹಿಲ್ಕ ಕದಲಲಿಲ್ಲ. ಕೊನೆಗೆ ತೌನೊನೇ ಎದ್ದ, ಅವನ ಹಿಂದೆ ಒಬ್ಬೊಬ್ಬರಾಗಿ ಉಳಿದವರು. ಆಪೊ ಮಾತ್ರ ತನ್ನ ಕಾಲಬೆರಳು ನೋಡುತ್ತ ಕೂತಿದ್ದ.

“ಅಕ್ಕ, ಆ ಕೆಲಸ ನಿಂಗೇ ಸೇರ್ಬೇಕು ಅಂತ ಹೇಳೋನಿದ್ದೆ.”

“ಯಾವಾಗ ಹೇಳೋನಿದ್ದೆ?”

ಅಷ್ಟರಲ್ಲಿ ಹೊರಗಿನಿಂದ ಯಾರೋ “ಆಪೊ, ಬಾರೋ!” ಎಂದು ಕೂಗಿದರು. ಟವೆಲು ಬಿಗಿದುಕೊಂಡು ಹೊರಟ ಅವನು, ಹಬೆ ಹೋಗದಂತೆ ಬಾಗಿಲನ್ನು ಜೋಪಾನವಾಗಿ ಮುಚ್ಚಿದ. ಜಗಲಿಯಲ್ಲಿ ಡಬ್ಬಿಗಳು ತೆರೆದ ಸದ್ದು ಕೇಳಿಸಿತು. ಆಮೇಲೆ, ನಿಂತಿದ್ದ ಮಾತು ಅಲ್ಲಿ ಮತ್ತೆ ಶುರುವಾಯಿತು.