ಜಯಲತಾಳ ನಂಬರು

"ಓಟಿಪಿ ಬೋಲೋ, ಆಂಟಿ," ಎಂದ ಮೆಡಿಕಲ್‌ನ ಹೃಷೀಕೇಶ, ಕಂಪ್ಯೂಟರಿನಿಂದ ಕಣ್ಣೆತ್ತದೆ.

ಸೀವುಡ್ಸಿನ ಆ ಆಸ್ಪತ್ರೆಯಲ್ಲಿ ಡಾಕ್ಟರು ಚೀಟಿ ಬರೆಯುವುದು ಈಚೆಗೆ ನಿಂತಿತ್ತು. ಅವರು ಮೇಲೆ ಕೂತು ಟೈಪ್ ಮಾಡಿದ್ದು ಕೆಳಗಿನ ಮೆಡಿಕಲ್‌ಗೆ ತಾನಾಗಿ ಬರುತ್ತಿತ್ತು; ರೋಗಿಯ ಫೋನಿಗೆ ಒಂದು ನಂಬರು ಬರುತ್ತಿತ್ತು; ಆ ನಂಬರು ಹೇಳಿದರೆ ಮಾತ್ರ ಔಷಧಿ. ಗಂಗಕ್ಕನ ಹತ್ತಿರ ಫೋನಿರಲಿಲ್ಲ. ಹೆಸರು ಬರೆಸುವಾಗ ಮನೆಯ ನಂಬರು ಕೇಳಿದ್ದರು. ಗಂಡ ತೀರಿಕೊಂಡ ಮೇಲೆ ತಮ್ಮ ಲೀಲಾಧರನ ಮನೆಯೇ ತನ್ನ ಮನೆಯೆಂದುಕೊಂಡವಳು, ತಮ್ಮನ ಹೆಂಡತಿ ಜಯಲತಾಳ ನಂಬರು ಕೊಟ್ಟಿದ್ದಳು.

ಫಿಟ್ಸಿನ ಮಾತ್ರೆ ನಿನ್ನೆಗೇ ಮುಗಿದಿತ್ತು. ಬೆಳಿಗ್ಗೆಯಿಂದ ಎಡಗೈಯ ಹೆಬ್ಬೆರಳು ಸುಮ್ಮಸುಮ್ಮನೆ ಅದುರುತ್ತಿತ್ತು. ಅದರ ಹಿಂದೆ ಏನು ಬರುತ್ತದೆಂದು ಅವಳಿಗೆ ಗೊತ್ತು.

ಹೃಷೀಕೇಶ ತನ್ನ ಫೋನಿನಿಂದಲೇ ಜಯಲತಾಳಿಗೆ ಕರೆ ಮಾಡಿ, ನಂಬರು ತನಗೂ ಕೇಳಲೆಂದು ಸ್ಪೀಕರ್ ಹಾಕಿ ಕೌಂಟರಿನ ಗಾಜಿನ ಮೇಲಿಟ್ಟ.

"ಬಂದಿದೆ ಗಂಗಕ್ಕ, ನನ್ನ ಕಣ್ಣೆದುರೇ ಉಂಟು," ಎಂದಳು ಜಯಲತಾ. "ನಿನ್ನೆ ವೇದಾವತಿಯವರ ಮುಂದೆ ದೊಡ್ಡ ಸತ್ಯವಂತೆ ಆದಿರಲ್ಲ, ಈಗ ನನ್ನ ನಂಬರು ಯಾಕೆ?"

ನಿನ್ನೆ ಡೊಂಬಿವಿಲಿಯಿಂದ ವೇದಾವತಿ, ಮಗನಿಗೆಂದು ಜಯಲತಾಳ ಮಗಳು ಪ್ರಣೀತಾಳನ್ನು ನೋಡಲು ಬಂದಿದ್ದರು. ಜಯಲತಾ ಒಳಗಿದ್ದಾಗ, ಹುಡುಗಿಗೆ ಮೊದಲು ಎಲ್ಲಾದರೂ ನಿಶ್ಚಯ ಆಗಿತ್ತೇ ಎಂದು ಕೇಳಿದರು. ಆಗಿತ್ತು, ತಪ್ಪಿಹೋಯಿತು ಎಂದಳು ಗಂಗಕ್ಕ. ದಿನಾ ಬೆಳಗಾದರೆ ದೇವರ ಮುಂದೆ ಪದ್ಯ ಹೇಳುವ ನಾಲಗೆ, ಸುಳ್ಳು ಹೇಳಲು ಏಳಲಿಲ್ಲ.

"ವೇದಾವತಿಯವರನ್ನು ಲೈನಿಗೆ ತಗೊಳ್ತೇನೆ," ಎಂದಳು ಜಯಲತಾ. "ನೀವು, ನನಗೆ ಫಿಟ್ಸ್ ಉಂಟು, ತಲೆ ಸರಿ ಇರುವುದಿಲ್ಲ, ಬಾಯಿಗೆ ಬಂದದ್ದು ಹೇಳಿಬಿಡ್ತೇನೆ ಅಂತ ಹೇಳಿ. ಆಮೇಲೆ ನಂಬರು."

"ಇಲ್ಲಿ ಕ್ಯೂ ಉಂಟು ಜಯಾ. ಎಲ್ಲರಿಗೂ ಕೇಳ್ತದೆ."

"ಕೇಳಲಿ. ನಿನ್ನೆ ನನ್ನ ಮನೆಯ ಹಾಲ್‌ನಲ್ಲೂ ಎಲ್ಲರಿಗೂ ಕೇಳಿತು."

"ಮಾವಶಿ, ಕಿತೀ ವೇಳ?" ಎಷ್ಟು ಹೊತ್ತೆಂದು ಹಿಂದಿನಿಂದ ಯಾರೋ ಮರಾಠಿಯಲ್ಲಿ ಗೊಣಗಿದರು. ಗಂಗಕ್ಕ ಅದುರುವ ಹೆಬ್ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಫೋನಿನಲ್ಲಿ ವೇದಾವತಿಯ ದನಿ "ಹಲೋ" ಎಂದಿತು.

"ನಾನು ಲೀಲಾಧರನ ಅಕ್ಕ. ನಿನ್ನೆ ಹೇಳಿದ್ದು ಸುಳ್ಳು. ನನಗೆ ಫಿಟ್ಸ್ ಉಂಟು. ತಲೆ ಸರಿ ಇರುವುದಿಲ್ಲ."

"ಅಯ್ಯೋ ಪಾಪ! ಎಷ್ಟು ಸಮಯದಿಂದ?"

"ಸಣ್ಣಂದಿನಿಂದ."

"ನಿಮ್ಮ ಕಡೆ ಬೇರೆ ಯಾರಿಗಾದರೂ ಇತ್ತಾ?"

"ಇಲ್ಲ, ಇಲ್ಲ," ಎಂದು ಜಯಲತಾ ನಡುವೆ ಹಾರಿದಳು.

"ಅವರು ಹೇಳಲಿ ಮಾರಾಯ್ತಿ," ಎಂದರು ವೇದಾವತಿ.

ಒಂದು ಸುಳ್ಳು ಹೇಳಿದ್ದೇ ಸಾಕಾಗಿತ್ತು. "ಅಮ್ಮನಿಗಿತ್ತು," ಎಂದಳು ಗಂಗಕ್ಕ.

ವೇದಾವತಿ ಮಾತನ್ನು ಜಯಲತಾಳ ಕಡೆ ತಿರುಗಿಸಿದರು. "ನಿಶ್ಚಯ ತಪ್ಪಿದ್ದು ನಮಗೆ ಮೊದಲೇ ಗೊತ್ತಿತ್ತು ಜಯಲತಾ. ಈ ಕಾಲದಲ್ಲಿ ಅದೆಲ್ಲ ದೊಡ್ಡದಲ್ಲ, ಮಗನೂ ಹೂಂ ಅಂದಿದ್ದ. ಇವತ್ತು ಸಂಜೆ ನಾನೇ ಫೋನು ಮಾಡುವವಳಿದ್ದೆ. ಆದರೆ ಇದು ಅಜ್ಜಿಗೂ ಇತ್ತು, ಅತ್ತೆಗೂ ಉಂಟು ಅಂದರೆ... ನಾಳೆ ಮಕ್ಕಳಾಗುವ ಮಾತು ನೋಡಿ. ಬೇಡ, ಬಿಡಿ. ನಾನು ಇಡ್ತೇನೆ."

ಗಾಜಿನ ಮೇಲೆ ಫೋನಿನ ಬೆಳಕು ಆರಲಿಲ್ಲ. ಜಯಲತಾ ಇನ್ನೂ ಲೈನಿನಲ್ಲಿದ್ದಳು.

"ಜಯಾ," ಎಂದಳು ಗಂಗಕ್ಕ. "ನೀನು ಹೇಳಿದ ಹಾಗೆ ಹೇಳಿದೆನಲ್ಲ? ನಂಬರು ಹೇಳು ಮಗಾ."

ನಂಬರಿನ ಟೈಮು ಮುಗಿಯಿತು, ಇನ್ನೊಂದು ಕಳಿಸಿದ್ದೇನೆ ಎಂದು ಹೃಷೀಕೇಶ ಹಿಂದಿಯಲ್ಲಿ ಹೇಳಿದ. ಆ ಕಡೆ ಟುಣ್ ಎಂದು ಅದು ಬಂದು ಬಿದ್ದ ಸದ್ದು ಇಲ್ಲಿಗೂ ಕೇಳಿತು. "ಕ್ಯಾ ಹುವಾ, ಮಮ್ಮಿ?" ಎಂದು ಪ್ರಣೀತಾ ಕೇಳುವುದು ಕೇಳಿತು.

ನಂಬರು ಸಿಗದೆ ಹೃಷೀಕೇಶ ಹಿಂದಿನವನನ್ನು ಮುಂದೆ ಕರೆದ. ಗಂಗಕ್ಕ ಪಕ್ಕಕ್ಕೆ ಸರಿದು, ಫೋನಿನ ಮೇಲೆ ಬಾಗಿ ನಿಂತಳು. ಆ ಕಡೆ ಮನೆಯ ಅಡಿಗೆಕೋಣೆಯಲ್ಲಿ ಕುಕ್ಕರ್ ಕೂಗುವುದು ಕೇಳುತ್ತಲೇ ಇತ್ತು. ಯಾರೂ ಹೋಗಿ ಗ್ಯಾಸ್ ಆರಿಸಲಿಲ್ಲ.