ಇಳಿಯಲು ಬೇಕಾದ ದಾರ

ಅಣ್ಣನ ಒದ್ದೆ ಕಾಲುಚೀಲಗಳನ್ನು ಕಂಡರೆ ಅವಳಿಗೆ ಮೊದಲಿಂದಲೂ ಹೇಸಿಗೆ. ತಿಂಗಳುಗಟ್ಟಲೆ ಗೋದಾಮಿನಲ್ಲೇ ಬಿದ್ದುಕೊಂಡಿದ್ದ ಆ ಮಹಾನುಭಾವ ಅವನ್ನು ಅಲ್ಲೇ ಬಕೆಟ್ಟಿನಲ್ಲಿ ಅದ್ದಿ, ಸಿಕ್ಕ ಕಡೆ ನೇತುಹಾಕುತ್ತಿದ್ದ. ಮೊದಲೇ ಅಂಟಿನ ವಾಸನೆ, ಅದರ ಮೇಲೆ ಇದು.

ಗೋದಾಮಿನ ನಡುವೆ ಅವನ ಹೆಲಿಕಾಪ್ಟರ್ ನಿಂತಿತ್ತು. ಅದಕ್ಕೆ ತಂಗಿಯ ಕಾಲುಗಳೇ ಇಂಜಿನ್. ಅವಳು ಪೆಡಲ್ ತುಳಿದಂತೆ, ರೆಕ್ಕೆಗಳ ಬುಡದ ಉರುಳೆಗಳಿಗೆ ಸುತ್ತಿದ ದಾರ ಬಿಚ್ಚಿಕೊಳ್ಳುತ್ತ ರೆಕ್ಕೆಗಳನ್ನು ತಿರುಗಿಸುತ್ತಿತ್ತು. ಹಿಂದೆ ಇಂಥದ್ದಕ್ಕೆ ಕೈಹಾಕಿದ ಎಷ್ಟೋ ಜನ ಗೇಣೆತ್ತರ ಎದ್ದು ಸುಸ್ತಾಗಿ ಕೂತಿದ್ದರು. ನೆಲದ ಹತ್ತಿರ ರೆಕ್ಕೆ ಕೆಳಗೊತ್ತಿದ ಗಾಳಿಯೇ ಆಸರೆ. ಮೇಲೇರಿದಂತೆ ಅದು ತಪ್ಪುತ್ತದೆ. ಬಹುಮಾನಕ್ಕಾಗಿ ಆಳೆತ್ತರ ದಾಟಿ ಒಂದು ನಿಮಿಷ ನಿಲ್ಲಬೇಕಾದರೆ ಭಾರ ತಗ್ಗಿಸಲೇಬೇಕು. ಅಣ್ಣ ಮೊದಲು ಕೊಳವೆಗಳನ್ನು ತೆಳುಮಾಡಿದ, ಆಮೇಲೆ ತಂಗಿಯ ಊಟಕ್ಕೆ ಕಲ್ಲು ಹಾಕಿದ, ಕೊನೆಗೆ ಅವಳ ಜಡೆಯನ್ನೂ ಕತ್ತರಿಸಿದ. ತನ್ನ ಹೊಟ್ಟೆಯ ತಂಟೆಗೆ ಮಾತ್ರ ಹೋಗಲಿಲ್ಲ.

ಇವತ್ತು ಸ್ಪರ್ಧೆಯ ತೀರ್ಪುಗಾರರು ಬರುವವರಿದ್ದರು. ಬೂಟಿನ ಲಾಡಿ ಕಟ್ಟಲು ಕೂತವಳ ಕಣ್ಣು ಕಾಲುಚೀಲಗಳು ನೇತಾಡುತ್ತಿದ್ದ ಹಗ್ಗದ ಮೇಲೆ ಬಿತ್ತು. ಅದು ಹಗ್ಗವಲ್ಲ, ಯಂತ್ರದ ದಾರ. ಗೋಡೆಯಿಂದ ಗೋಡೆಗೆ ಹೋಗಿ, ಮತ್ತೆ ತಿರುಗಿ ಬಂದಿತ್ತು.

“ಇದೆಲ್ಲಿಂದ ಬಂತಣ್ಣ?”

“ನಿನ್ನೆ ಉರುಳೆಗಳಿಂದ ಒಂದಿಷ್ಟು ಕತ್ತರಿಸ್ದೆ. ಭಾರ ಇಳೀತು. ಮೇಲೇರಿ ಒಂದು ನಿಮಿಷ ನಿಲ್ಲೋಕೆ ಉಳಿದಿರೋದು ಸಾಕು.”

“ಇಳಿಯೋಕೆ?”

“ಗೆಲ್ಲೋದು ಏರಿದ್ದಕ್ಕೆ ಕಣೆ. ಇಳಿದಿದ್ದಕ್ಕೆ ಯಾರು ಚಪ್ಪಾಳೆ ಹೊಡೀತಾರೆ?”

“ದಾರ ಮುಗಿದ್ರೆ ತುಳಿಯೋಕೆ ಏನಿರುತ್ತೆ? ಅಲ್ಲಿಂದ ದೊಪ್ಪಂತ ಬೀಳ್ತೀನಿ.”

ಅವನು ಒಂದು ಗಳಿಗೆ ಯೋಚಿಸಿದ. ಮುಖದಲ್ಲಿ ನಿಜವಾದ ಸಂಕಟ ಕಾಣಿಸಿತು.

“ಹೌದು, ರೆಕ್ಕೆ ಮುರೀಬಹುದು,” ಎಂದ. “ಹೋಗ್ಲಿ ಬಿಡು, ಅಷ್ಟೊತ್ತಿಗೆ ಗೆದ್ದಿರ್ತೀವಲ್ಲ.”

ಕಾಲುಚೀಲಗಳ ಮೇಲೆ ಅವಳಿಗಿದ್ದ ಹೇಸಿಗೆಯೆಲ್ಲ ಅವುಗಳ ಒಡೆಯನ ಮೇಲೆ ಹೋಗಿ ಕೂತಿತು. ಒಡಹುಟ್ಟಿದವನು ಎಂಬುದೇ ಅಸಹ್ಯವೆನಿಸಿತು. ಕಟ್ಟಿದ ಲಾಡಿ ಬಿಚ್ಚಿ, ಬೂಟು ಕಳಚಿ, ಮೇಜಿನ ಮೇಲಿದ್ದ ಅವನ ಊಟದ ಡಬ್ಬಿಯನ್ನು ಎಳೆದುಕೊಂಡಳು.

“ಏಯ್, ನಿನ್ನ ತೂಕ!”

“ಇವತ್ತು ನೀನೇ ಹತ್ತು.”

“ತಲೆ ಕೆಟ್ಟಿದೆಯಾ? ನಾನು ಹತ್ತಿದ್ರೆ ಅದು ನೆಲ ಬಿಟ್ಟು ಏಳೋದೇ ಇಲ್ಲ.”

ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಅವಳು ದೊಡ್ಡ ತುತ್ತನ್ನು ನಿಧಾನವಾಗಿ ಅಗಿದು ನುಂಗಿದಳು.

“ಹಾಗಿದ್ರೆ ಒಳ್ಳೇದೇ ಆಯ್ತಲ್ಲ,” ಎಂದಳು. “ಇರೋ ದಾರವೇ ಸಾಕು.”